ಗುಂಡಿನ ಧಾರಣೆಯೂ ಮಿತವ್ಯಯದ ಧರ್ಮವೂ

ಮಿತವ್ಯಯವು ಸದ್ಗುಣವೆಂಬುದನ್ನು ನಮ್ಮ ಜಿಲ್ಲೆಯ ಜನರಿಗೆ ಯಾರೂ ಬೋಧಿಸಬೇಕಾಗಿಲ್ಲ. ಮುಗಿಲನ್ನು ನೋಡಿ ಬಿತ್ತುವ, ಒಳ್ಳೆಯ ವರ್ಷದ ಜೋಳವನ್ನು ಹಗೇವಿನಲ್ಲಿಟ್ಟು ಬರದ ವರ್ಷವನ್ನು ಕಳೆಯುತ್ತಿದ್ದ ಹಿರಿಯರ ಮಕ್ಕಳಾದ ನಮಗೆ, ಹತ್ತು ರೂಪಾಯಿಯ ವಸ್ತುವನ್ನು ಎಂಟಕ್ಕೆ ಕೊಳ್ಳುವದು ಬರಿಯ ಜಾಣತನವಲ್ಲ, ಒಂದು ಬಗೆಯ ಧರ್ಮವೇ ಆಗಿದೆ. ಆದರೆ ಈ ಧರ್ಮಕ್ಕೂ ಒಂದು ಮೇರೆ ಇರುವದೋ ಇಲ್ಲವೋ? ಇದ್ದರೆ ಅದು ಎಲ್ಲಿರುವದು? ಈ ಪ್ರಶ್ನೆಯನ್ನು ಅಕ್ಕಿ ಬೇಳೆಗಳ ವಿಷಯದಲ್ಲಿ ಕೇಳಿದರೆ ಉತ್ತರವು ಸ್ಪಷ್ಟವಾಗಲಾರದು. ಆದುದರಿಂದ ವಾಚಕರ ಮನೆಗಳಲ್ಲಿ ಬಹುಶಃ ಇಲ್ಲದ, ಆದರೆ ಪ್ರಶ್ನೆಯ ಮರ್ಮವನ್ನು ಚೆನ್ನಾಗಿ ತೋರಿಸಬಲ್ಲ ಒಂದು ವಸ್ತುವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದು ಬಂದೂಕಿನ ಗುಂಡು.

ಇಂದಿನ ಪಿಸ್ತೂಲು ರೈಫಲುಗಳ ತೋಟೆಯಲ್ಲಿ ನಾಲ್ಕು ಅಂಗಗಳಿರುವವು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಅಮೇರಿಕೆಯಂಥ ದೇಶಗಳಲ್ಲಿ ಗುರಿಕಾರರೂ ಬೇಟೆಗಾರರೂ ಒಮ್ಮೆ ಹಾರಿಸಿದ ಕೊಳವೆಯನ್ನು ಆಯ್ದುಕೊಂಡು, ಹೊಸ ಕೇಪು, ಮದ್ದು, ಗುಂಡುಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವ ರೂಢಿಯುಂಟು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವದು ಅಪರಾಧವು. ಆ ಹೊರನಾಡಿನ ಗೃಹೋದ್ಯೋಗದಲ್ಲಿ ಕೊಳವೆಯು ಹಲವು ಸಲ ಬಳಕೆಗೆ ಬರುವದರಿಂದ ಅದರ ವೆಚ್ಚವು ಹಂಚಿಹೋಗುವದು. ಉಳಿದ ಮೂರರಲ್ಲಿ ಸಾಮಾನ್ಯವಾಗಿ ಗುಂಡೇ ತುಟ್ಟಿಯಾದದ್ದು. ಆದುದರಿಂದ ಉಳಿತಾಯ ಮಾಡಬೇಕೆನ್ನುವವನ ಕಣ್ಣು ಮೊದಲು ಗುಂಡಿನ ಮೇಲೆಯೇ ಬೀಳುವದು.

ಗುಂಡುಗಳಲ್ಲಿಯೂ ತರತಮವಿರುವದು. ಅಚ್ಚಿನಲ್ಲಿ ಎರೆದ ಬರಿಯ ಸೀಸದ ಗುಂಡು ಎಲ್ಲಕ್ಕಿಂತ ಅಗ್ಗವು. ಸೀಸವು 327 ಅಂಶ ಶಾಖಕ್ಕೆ ಕರಗುವದರಿಂದ ಮನೆಯ ಒಲೆಯೇ ಅದಕ್ಕೆ ಸಾಕು. ಮೇಲೆ ತಾಮ್ರದ ತೆಳು ಲೇಪವುಳ್ಳದ್ದು ಅದಕ್ಕಿಂತ ಸ್ವಲ್ಪ ತುಟ್ಟಿ. ತಾಮ್ರದ ದಪ್ಪ ಕವಚವುಳ್ಳದ್ದು ಇನ್ನೂ ತುಟ್ಟಿ. ಪ್ರಾಣಿಯ ಮೈಯನ್ನು ಹೊಕ್ಕೊಡನೆ ಅರಳುವಂತೆ ಮಾಡಿದ್ದು ಎಲ್ಲಕ್ಕಿಂತ ತುಟ್ಟಿ. ಇವುಗಳ ತೂಕವನ್ನು ಗ್ರೇನ್ ಎಂಬ ಮಾನದಿಂದ ಹೇಳುವರು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನವನ್ನು ತೂಗುತ್ತಿದ್ದಂತೆ, ಅಲ್ಲಿಯವರು ಕಾಳನ್ನು ಅಳತೆಯಾಗಿಟ್ಟುಕೊಂಡು ಕಟ್ಟಿದ ಮಾನವಿದು. 7,000 ಗ್ರೇನುಗಳಿಗೆ ಒಂದು ಪೌಂಡು. ಪಿಸ್ತೂಲಿನ ಒಂದು ಸಾಧಾರಣ ಗುಂಡು 115 ಗ್ರೇನ್, ಅಂದರೆ ಸುಮಾರು ಏಳೂವರೆ ಗ್ರಾಂ ತೂಗುವದು. ಪಿಸ್ತೂಲಿನ ವೇಗವು ಮಿತವಾದುದರಿಂದ ಬರಿಯ ಸೀಸವು ಅದಕ್ಕೆ ಸಲ್ಲುವದು. ರೈಫಲಿನ ವೇಗದಲ್ಲಾದರೋ ಮೆತ್ತನೆಯ ಸೀಸವು ನಳಿಗೆಯ ಒಳಗೀರುಗಳಲ್ಲಿ ಮೆತ್ತಿಕೊಂಡು ಗುರಿಯನ್ನು ಕೆಡಿಸುವದು. ಹೀಗಿರಲು ಯಾವ ಅಗ್ಗವು ಜಾಣತನ, ಯಾವದು ಹೊಣೆಗೇಡಿತನ ಎಂಬುದು ವಸ್ತುವಿನ ಮೇಲೆ ಬರೆದಿರುವದಿಲ್ಲ. ಅದು ಬಳಸುವವನ ಉದ್ದೇಶದಲ್ಲಿ ಅಡಗಿರುವದು.

ಇದೆಲ್ಲ ದೂರದ ಮಾತಾಯಿತೆಂದು ವಾಚಕರು ಅನ್ನಬಹುದು. ಆದರೆ ತನ್ನ ಗುಂಡನ್ನು ತಾನೇ ತುಂಬಿಕೊಳ್ಳುವ ಮನುಷ್ಯನು ನಮ್ಮ ಸೀಮೆಯಲ್ಲಿಯೂ ಇದ್ದನು. ಬೆಳೆಯನ್ನು ಕಾಯುವ ಒಕ್ಕಲಿಗನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿ ಕೊಡಲು 1959ರ ಅದೇ ಕಾಯಿದೆಯಲ್ಲಿ ಆಸ್ಪದವಿರುವದು. ಅಂಥ ಬಂದೂಕಿಗೆ ತೋಟೆಯಿಲ್ಲ. ಪ್ರತಿಯೊಂದು ಏಟಿಗೂ ನಳಿಗೆಯಲ್ಲಿ ಮದ್ದು ಸುರಿದು, ಚಿಂದಿಯನ್ನು ಗಜದಿಂದ ಜಡಿದು, ಮೇಲೆ ಸೀಸದ ಚರೆಗಳನ್ನೋ ಒಂಟಿಗುಂಡನ್ನೋ ಇಟ್ಟು, ಕೊನೆಗೆ ಕೇಪು ಹಚ್ಚಬೇಕು. ಏನನ್ನು ತುಂಬುವದು, ಎಷ್ಟನ್ನು ತುಂಬುವದು ಎಂಬುದೆಲ್ಲ ಆ ಒಕ್ಕಲಿಗನ ವಿವೇಕಕ್ಕೆ ಬಿಟ್ಟದ್ದು.

ನನ್ನ ಸೋದರಮಾವಂದಿರ ಮನೆಯಲ್ಲಿ ಇಂಥದೊಂದು ಬಂದೂಕಿತ್ತು. ಅವರ ಹೊಲಗಳು ತಿಕೋಟಾ ಬಬಲೇಶ್ವರಗಳ ನಡುವಿನ ಎರೆಭೂಮಿಯಲ್ಲಿದ್ದವು. ಈಗ ಆ ಸೀಮೆಯನ್ನು ನೋಡಿದವರಿಗೆ ದ್ರಾಕ್ಷಿಯ ಚಪ್ಪರಗಳೂ ಒಣದ್ರಾಕ್ಷಿಯ ನೆರಳುಮನೆಗಳೂ ಕಣ್ಣಿಗೆ ಬೀಳುವವು. ನಾನು ಹೇಳುತ್ತಿರುವದು 1960ರ ದಶಕದ ಮೊದಲ ವರ್ಷಗಳ ಮಾತು, ಜೋಳ ಕುಸುಬಿ ಕಡಲೆಗಳ ಕಾಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಗ ಇನ್ನೂ ಹುಟ್ಟಿರಲಿಲ್ಲ. ಬಿಳಿಜೋಳವು ತೆನೆ ಹಿಡಿದ ಚಳಿಯ ರಾತ್ರಿಗಳಲ್ಲಿ ಕಾಡುಹಂದಿಗಳು ಹೊಲವನ್ನು ಹೊಕ್ಕು, ತಿಂದದ್ದಕ್ಕಿಂತ ಹೆಚ್ಚಾಗಿ ತುಳಿದು ಹೋಗುತ್ತಿದ್ದವು. ಮಾವನವರು ಕೈಬಿಗಿಯ ಮನುಷ್ಯರು. ಆ ವರ್ಷ ವಿಜಾಪುರದ ಪೇಟೆಯಲ್ಲಿ ಸೀಸದ ಚರೆಯ ಧಾರಣೆಯು ಏರಿತೆಂದು, ಕಮ್ಮಾರಸಾಲೆಯಲ್ಲಿ ಬಿದ್ದ ಕಬ್ಬಿಣದ ಚೂರುಗಳನ್ನು ಒಂದು ಚೀಲದಲ್ಲಿ ತುಂಬಿಸಿ ತಂದರು. ಅವಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ.

ಕಬ್ಬಿಣವು ಸೀಸಕ್ಕಿಂತ ಹಗುರು. ಚೂರುಗಳು ಒಂದೇ ಆಕಾರದವೂ ಅಲ್ಲ. ಅವು ನೇರವಾಗಿ ಹೋಗುವದಿಲ್ಲ, ಹೋದರೂ ಬಲವನ್ನು ಬೇಗನೆ ಕಳೆದುಕೊಳ್ಳುವವು. ಆ ರಾತ್ರಿ ಏಟು ತಗಲಿತು, ಆದರೆ ಹಂದಿ ಸಾಯಲಿಲ್ಲ. ಗಾಯಗೊಂಡು ಜೋಳದ ಬೆಳೆಯಲ್ಲಿಯೇ ಅಡಗಿತು. ಮರುದಿನ ಮುಂಜಾನೆ ಹೊಲಕ್ಕೆ ಹೋದ ಆಳಿನ ಮೇಲೆ ಬಿದ್ದು ಅವನ ತೊಡೆಯನ್ನು ಸೀಳಿತು. ಅವನನ್ನು ಚಕ್ಕಡಿಯಲ್ಲಿ ಮಲಗಿಸಿ ಪಟ್ಟಣಕ್ಕೆ ಒಯ್ದರು. ಜೀವವುಳಿಯಿತು, ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ. ತಿಂಗಳ ಮೇಲೆ ಅವನು ಕೋಲೂರಿಕೊಂಡು ಮನೆಗೆ ಬಂದಾಗ ನಾನು ಪಡಸಾಲೆಯಲ್ಲಿದ್ದೆನು. ಮಾವನವರ ಮುಖವನ್ನು ನೋಡಿ ಅವನೇ ಸಮಾಧಾನ ಹೇಳಿದನು: “ಹೋಗ್ಲಿ ಬಿಡ್ರಿ ಧಣೇರ, ನನ್ನ ದೈವದಾಗ ಇತ್ತು.” ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ದೈವದಾಗ ಅಲ್ಲೋ ತಮ್ಮಾ, ನನ್ನ ಎಂಟಾಣೆದಾಗ ಇತ್ತು” ಎಂದರು.

ಆ ಒಂದು ಮಾತಿನಲ್ಲಿ ನಮ್ಮ ಪ್ರಶ್ನೆಯ ಉತ್ತರವೆಲ್ಲ ಅಡಗಿದೆಯೆಂದು ನನಗೆ ತೋರುವದು. ಮಾವನವರು ಅಗ್ಗದ ಅಂಗಿಯನ್ನು ತೊಟ್ಟಿದ್ದರೆ ಅದು ಹರಿದಾಗ ಚಳಿಯು ಅವರನ್ನೇ ನಡುಗಿಸುತ್ತಿತ್ತು. ಅಗ್ಗದ ಎಣ್ಣೆಯನ್ನು ಕೊಂಡಿದ್ದರೆ ಅವರ ಮನೆಯ ದೀಪವೇ ಮಂಕಾಗುತ್ತಿತ್ತು. ಅಲ್ಲಿ ಉಳಿಸಿದವನೂ ಉಳಿಕೆಯ ಫಲವನ್ನು ಉಣ್ಣುವವನೂ ಒಬ್ಬನೇ. ಆದುದರಿಂದ ಅದು ತಪಸ್ಸು, ಅಥವಾ ಕನಿಷ್ಠ ಪಕ್ಷ ಅವರವರ ಇಷ್ಟವು. ಗುಂಡಿನ ವಿಷಯದಲ್ಲಿ ಹಾಗಲ್ಲ. ಎಂಟಾಣೆಯನ್ನು ಉಳಿಸಿದವರು ಮಾವನವರು, ತೊಡೆಯನ್ನು ತೆತ್ತವನು ಬೇರೊಬ್ಬನು. ರಾತ್ರಿಯೆಲ್ಲ ನರಳಿದ ಆ ಮೂಕಪ್ರಾಣಿಯ ಲೆಕ್ಕವಂತೂ ಯಾವ ವಹಿಯಲ್ಲಿಯೂ ಬರಲಿಲ್ಲ. ವಸ್ತುವಿನ ಬೆಲೆಯಲ್ಲಿ ನಾವು ಕೊಡದೆ ಬಿಟ್ಟ ಭಾಗವು ಮಾಯವಾಗಿ ಹೋಗುವದಿಲ್ಲ. ಅದನ್ನು ಮತ್ತೊಬ್ಬರು ಕೊಡುವರು. ಆ ಮತ್ತೊಬ್ಬರು ಯಾರೆಂದು ಕೇಳದೆ ಮಾಡಿದ ಉಳಿತಾಯವನ್ನು ಮಿತವ್ಯಯವೆಂದು ಕರೆಯುವದು ಉಚಿತವಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವದು, ಅದು ಸಾಮಾನ್ಯವಾದುದಲ್ಲ. “ತುಟ್ಟಿಯ ಗುಂಡನ್ನೇ ಕೊಳ್ಳಬೇಕೆಂಬುದು ಶ್ರೀಮಂತರ ಧರ್ಮವು, ಬಡವನು ತನ್ನ ಬೆಳೆಯನ್ನು ಹೇಗೆ ಕಾಯಬೇಕು?” ಎಂದು ಕೇಳುವವರುಂಟು. ಈ ಪ್ರಶ್ನೆಯ ಹಿಂದೆ ನಮ್ಮ ನಾಡಿನ ಇತಿಹಾಸವೇ ನಿಂತಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಇಂಗ್ಲಿಷ್ ಸರಕಾರವು ಆಜ್ಞಾಪಿಸಿದಾಗ, ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವು ವಿನೋದದ ಸಾಧನವಾಗಿರಲಿಲ್ಲ. ಅದು ಹೊಟ್ಟೆಯೂ ಮಾನವೂ ಆಗಿತ್ತು. ಅದಕ್ಕಾಗಿ ಅವರು ಪ್ರಾಣವನ್ನೇ ಕೊಟ್ಟರು. ಲಾವಣಿಯು ಅವರನ್ನು ಇಂದಿಗೂ ನೆನೆಯುತ್ತಿರುವದು. ಬಡವನ ಕೈಯಲ್ಲಿರುವ ಸಾಧನವನ್ನು ಅಗ್ಗದ್ದೆಂದು ಹಳಿಯುವ ಅಧಿಕಾರವು ಯಾರಿಗೂ ಇಲ್ಲ.

ಆದರೆ ನಮ್ಮ ಸಿದ್ಧಾಂತವು ತುಟ್ಟಿಯದು ಒಳ್ಳೆಯದು, ಅಗ್ಗದ್ದು ಕೆಟ್ಟದ್ದು ಎಂದಲ್ಲ. ಒಂದು ಬಗೆಯಿಂದ ನೋಡಿದರೆ ಅಗ್ಗದ ಗುಂಡೇ ಹೆಚ್ಚಿನ ಧರ್ಮವನ್ನು ಸಾಧಿಸುವದು. ಗುರಿಯು ಅಭ್ಯಾಸದಿಂದ ಬರತಕ್ಕದ್ದು. ಗುಂಡು ತುಟ್ಟಿಯೆಂದು ವರ್ಷವೆಲ್ಲ ಒಂದನ್ನೂ ಹಾರಿಸದೆ, ಸಮಯ ಬಂದಾಗ ಒಮ್ಮೆಲೇ ಪ್ರಾಣಿಯ ಮೇಲೆ ಹಾರಿಸುವ ಧನಿಕನಿಗಿಂತ, ಅಗ್ಗದ ಸೀಸದ ಗುಂಡುಗಳಿಂದ ನೂರು ಸಲ ಗೋಡೆಗೆ ಹೊಡೆದು ಕೈಯನ್ನು ಸ್ಥಿರಪಡಿಸಿಕೊಂಡ ಬಡವನು ಹೆಚ್ಚು ಹೊಣೆಗಾರನು. ಮಾವನವರು ಕೊನೆಗೆ ಮಾಡಿದ್ದೂ ಇದನ್ನೇ. ಅವರು ಬಂದೂಕನ್ನು ಬಾವಿಗೆ ಎಸೆಯಲಿಲ್ಲ. ಎಸೆದಿದ್ದರೆ ಹಂದಿಗಳು ನಿಲ್ಲುತ್ತಿರಲಿಲ್ಲ. ಅಂದಿನಿಂದ ಸುಗ್ಗಿಗೆ ಮೊದಲು ಪ್ರತಿವರ್ಷವೂ ಹಾಳುಮನೆಯ ಮಣ್ಣಗೋಡೆಯ ಮೇಲೆ ಸುಣ್ಣದ ಗುರುತು ಹಾಕಿ, ತಾವೇ ಅಚ್ಚಿನಲ್ಲಿ ಎರೆದ ಸೀಸದ ಗುಂಡುಗಳಿಂದ ಅಭ್ಯಾಸ ಮಾಡುತ್ತಿದ್ದರು. ಗೋಡೆಯನ್ನು ಕೆದರಿ ಆ ಸೀಸವನ್ನು ಆಯ್ದುಕೊಂಡು ಮತ್ತೆ ಕರಗಿಸುತ್ತಿದ್ದರು. ಅದರಲ್ಲಿ ಅವರ ಕೈಬಿಗಿಯು ಮೊದಲಿನಂತೆಯೇ ಇತ್ತು. ಪ್ರಾಣಿಯ ಮೇಲೆ ಹಾರಿಸುವದಕ್ಕೆ ಮಾತ್ರ ಪೇಟೆಯ ಒಳ್ಳೆಯ ಸರಕನ್ನು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ಆ ಆಳಿನ ಮನೆಗೆ ಪ್ರತಿ ಸುಗ್ಗಿಯಲ್ಲಿ ಒಂದು ಚೀಲ ಜೋಳವು ಹೋಗುತ್ತಿತ್ತು. ಅದನ್ನು ಅವರು ದಾನವೆಂದು ಎಂದೂ ಹೇಳಲಿಲ್ಲ. ಸಾಲದ ಕಂತು ಎನ್ನುತ್ತಿದ್ದರು.

ಯಾರು ತೆರುವರು ಎಂಬ ಈ ಒಂದೇ ಪ್ರಶ್ನೆಯು ಗುಂಡಿನ ವಿಷಯದಲ್ಲಿ ಎಷ್ಟು ದೂರ ಹೋಗುವದೆಂಬುದಕ್ಕೆ ಒಂದೆರಡು ನಿದರ್ಶನಗಳನ್ನು ಕೊಡುವೆನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲಕತ್ತೆಯ ಬಳಿಯ ದಮ್‌ದಮ್ ಕಾರಖಾನೆಯಲ್ಲಿ ಮೈಹೊಕ್ಕು ಅರಳುವ ಗುಂಡನ್ನು ತಯಾರಿಸಿದರು. 1899ರಲ್ಲಿ ಹೇಗ್ ನಗರದ ಪರಿಷತ್ತು ಅಂಥ ಗುಂಡುಗಳು ಯುದ್ಧದಲ್ಲಿ ಕೂಡದೆಂದು ಘೋಷಿಸಿತು. ಯುದ್ಧದಲ್ಲಿ ವೈರಿಯನ್ನು ತಡೆದರೆ ಸಾಕು, ಅವನ ಗಾಯವನ್ನು ಅನಾವಶ್ಯಕವಾಗಿ ದೊಡ್ಡದು ಮಾಡುವದು ಕ್ರೌರ್ಯವು. ಬೇಟೆಯಲ್ಲಾದರೋ ಅದೇ ಅರಳುವ ಗುಂಡನ್ನು ದಯೆಯೆಂದು ಎಣಿಸುವರು, ಏಕೆಂದರೆ ಪ್ರಾಣಿಯು ನರಳದೆ ಒಮ್ಮೆಲೇ ಸಾಯುವದು. ಹಾಗೆಯೇ ಸೀಸವು ಅಗ್ಗವೆಂದು ಬೇಟೆಗಾರರು ಬಳಸಿದಾಗ, ಕಾಡಿನಲ್ಲಿ ಬಿಟ್ಟುಹೋದ ಮಾಂಸದೊಳಗಿನ ಸೀಸದ ಚೂರುಗಳನ್ನು ತಿಂದು ರಣಹದ್ದುಗಳು ವಿಷವೇರಿ ಸತ್ತುವು. ಕ್ಯಾಲಿಫೋರ್ನಿಯಾ ಸಂಸ್ಥಾನವು 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ಪೇಟೆಯ ಧಾರಣೆಯಲ್ಲಿ ಆ ಹದ್ದುಗಳ ಪಾಲು ಸೇರಿರಲಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. ವಿಜಯಪುರದ ಪಡುವಣ ಕೋಟೆಯ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿರುವದನ್ನು ನಾವೆಲ್ಲರೂ ಕಂಡಿದ್ದೇವೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ನು ತೂಗುವ ಈ ತೋಪನ್ನು 1854ರಲ್ಲಿ ಲಿಲಾವಿಗೆ ಹಚ್ಚಿದಾಗ ಬಂದ ಸವಾಲು 150 ರೂಪಾಯಿ ಮಾತ್ರ. ಪುಣ್ಯವಶಾತ್ ಆ ಲಿಲಾವು ರದ್ದಾಯಿತು. ಇನ್ನೊಂದು ಕಥೆಯನ್ನು ಇದೇ ಊರಿನ ಆದಿಲಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತನು ಬರೆದಿಟ್ಟಿದ್ದಾನೆ. 1565ರ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರದ ಸೈನ್ಯವು ಹತ್ತಿರ ಬಂದಾಗ, ಅಹಮದನಗರದ ತೋಪಖಾನೆಯವರು ಗುಂಡುಗಳ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತೋಪುಗಳಲ್ಲಿ ತುಂಬಿ ಹಾರಿಸಿದರಂತೆ. ಪೇಟೆಯಲ್ಲಿ ಜೋಳವನ್ನು ಕೊಳ್ಳಬಹುದಾಗಿದ್ದ ದುಡ್ಡು ಅಲ್ಲಿ ಗುಂಡೇ ಆಯಿತು. ಅಂದು ಆ ಗುಂಡಿನ ಬೆಲೆಯು ಕೆಲವು ಚೀಲ ತಾಮ್ರವೆಂದು ಖಜಾನೆಯವನು ಬರೆದುಕೊಂಡಿರಬಹುದು. ನಿಜವಾದ ಬೆಲೆಯನ್ನು ತೆತ್ತ ಹಂಪೆಯು ಇಂದಿಗೂ ಹಾಳುಬಿದ್ದು ನಿಂತಿದೆ.

ವಾಚಕರಲ್ಲಿ ಬಂದೂಕನ್ನು ಹಿಡಿಯುವವರು ವಿರಳವೆಂಬುದನ್ನು ನಾನು ಬಲ್ಲೆನು. ಆದರೆ ಎಂಟಾಣೆಯ ಲೆಕ್ಕವು ನಮ್ಮೆಲ್ಲರ ಮನೆಯಲ್ಲಿಯೂ ನಡೆದಿರುವದು. ಬಾಡಿಗೆಗೆ ಕೊಡುವ ಮನೆಗೆ ಅಗ್ಗದ ವಿದ್ಯುತ್ತಿನ ತಂತಿಯನ್ನು ಎಳೆಯಿಸುವಾಗ, ಹೊಲದ ಆಳುಗಳಿಗೆ ಮುಖವಸ್ತ್ರವಿಲ್ಲದೆ ದ್ರಾಕ್ಷಿಗೆ ಔಷಧ ಹೊಡೆಯಲು ಹೇಳುವಾಗ, ಮಕ್ಕಳು ಕೂಡುವ ಗಾಡಿಯ ಸವೆದ ಗಾಲಿಯನ್ನು ಇನ್ನೊಂದು ತಿಂಗಳು ತಳ್ಳೋಣವೆನ್ನುವಾಗ, ನಾವೂ ನಳಿಗೆಯಲ್ಲಿ ಕಬ್ಬಿಣದ ಚೂರುಗಳನ್ನೇ ತುಂಬುತ್ತಿರುವೆವು. ನಮ್ಮ ಅಂಗಿಯಲ್ಲಿ, ನಮ್ಮ ಊಟದಲ್ಲಿ, ನಮ್ಮ ಸುಖದಲ್ಲಿ ಎಷ್ಟು ಬೇಕಾದರೂ ಉಳಿಸೋಣ. ಉಳಿಸಿದ್ದರ ಹೊರೆಯು ಇನ್ನೊಬ್ಬರ ತೊಡೆಯ ಮೇಲೆ ಬೀಳುವ ಕಡೆಗೆ ಮಾತ್ರ, ದುಡ್ಡಿನ ಚೀಲದ ಬಾಯಿ ಬಿಚ್ಚುವದೇ ಧರ್ಮವು. ಮಾವನವರು ಇದನ್ನು ಬಹಳ ತುಟ್ಟಿಯ ಬೆಲೆಗೆ ಕಲಿತರು, ಆ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ಅವರ ಆಳು ಕೊಟ್ಟಿದ್ದನು.