ದೂರದಿಂದ ಕಳಿಸಿದ ಹಣ

ಊರು ಬಿಟ್ಟು ಬಂದವರಿಗೆ ಊರಿನ ಆಗುಹೋಗುಗಳಲ್ಲಿ ಕೈಹಾಕುವ ಹಕ್ಕು ಎಷ್ಟು? ನಮ್ಮಂಥ ಹೊರನಾಡಿಗರು ಸೇರಿದಲ್ಲೆಲ್ಲ ಈ ಮಾತು ಏಳುತ್ತದೆ. ಚಹಾ ಮುಗಿಯುವುದರೊಳಗೆ ಅದೂ ಮುಗಿದಿರುತ್ತದೆ. ಇದೇ ಪ್ರಶ್ನೆಯನ್ನು ಒಂದು ದೇಶದ ಅಳತೆಯಲ್ಲಿ ಎದುರಿಸಿದವರು ಪಶ್ಚಿಮ ಆಫ್ರಿಕೆಯ ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್.

1979ರಲ್ಲಿ ಆಕೆ ಅಲ್ಲಿನ ಅರ್ಥಸಚಿವೆ. 1980ರ ಏಪ್ರಿಲ್‌ನಲ್ಲಿ ಸೈನಿಕರು ಅಧ್ಯಕ್ಷ ಟಾಲ್ಬರ್ಟರನ್ನು ಕೊಂದು ಅಧಿಕಾರ ಹಿಡಿದರು. ಹತ್ತು ದಿನಗಳಲ್ಲಿ ಹದಿಮೂರು ಮಂದಿ ಪ್ರಮುಖರನ್ನು ಕಡಲದಂಡೆಯಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಜೀವ ಉಳಿದ ಕೆಲವೇ ಮಂತ್ರಿಗಳಲ್ಲಿ ಸರ್ಲೀಫ್ ಒಬ್ಬರು. ಆ ವರ್ಷವೇ ದೇಶ ಬಿಟ್ಟ ಅವರು, 1981ರಿಂದ ನೈರೋಬಿಯಲ್ಲಿ ಸಿಟಿಬ್ಯಾಂಕಿನ ಉಪಾಧ್ಯಕ್ಷೆಯಾದರು. ಅಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಹಾಗಾಗಲಿಲ್ಲ. 1985ರ ಚುನಾವಣೆಗೆ ಮರಳಿದರು. ಸೇನಾ ಸರ್ಕಾರವನ್ನು ಟೀಕಿಸಿದ್ದಕ್ಕೆ ಹತ್ತು ವರ್ಷದ ಸಜೆ. ಹೊರಗಿನ ಒತ್ತಾಯದಿಂದ ಬಿಡುಗಡೆ, ಮತ್ತೆ ಸೆರೆ, ಮತ್ತೆ ಪರದೇಶ, ಮತ್ತೆ ಬ್ಯಾಂಕು.

ಇಷ್ಟಾದರೆ ಕೊಂಡಾಡಿ ಮುಗಿಸಬಹುದು. ತೊಡಕಿರುವುದು 1990ರಲ್ಲಿ. ಆಗ ಅಮೆರಿಕೆಯಲ್ಲಿದ್ದ ಸರ್ಲೀಫ್, ಚಾರ್ಲ್ಸ್ ಟೇಲರನ ಬಂಡಾಯದ ಕಡೆಗೆ 10,000 ಡಾಲರ್ ಹೋಗುವುದರಲ್ಲಿ ಪಾಲುಗೊಂಡರು. ಸರ್ವಾಧಿಕಾರಿ ತೊಲಗಲಿ ಎಂಬ ಆಸೆ. ಅವನು ತೊಲಗಿದ, ನಿಜ. ಆದರೆ 2003ರವರೆಗೆ ನಡೆದ ಎರಡು ಅಂತರ್ಯುದ್ಧಗಳಲ್ಲಿ ಲಕ್ಷಾಂತರ ಜನ ಸತ್ತರು, ಎಳೆಯ ಮಕ್ಕಳ ಕೈಗೆ ಬಂದೂಕು ಬಂತು.

ಆ ಹಣವಿಲ್ಲದಿದ್ದರೂ ಯುದ್ಧ ನಡೆಯುತ್ತಿತ್ತು ಎನ್ನಬಹುದು. ಆದರೆ ಹಣ ಯಾವುದಕ್ಕೆ ಎಂದು ಕೇಳಿದ ಮೇಲೆಯೇ ಸಾಲ ಕೊಡುವುದು ಬ್ಯಾಂಕಿನವರ ಕಸುಬು. ಕಸುಬಿನಲ್ಲಿದ್ದ ಆ ಎಚ್ಚರ ತಾಯ್ನಾಡಿನ ವಿಷಯ ಬಂದಾಗ ಏಕೆ ಸಡಿಲವಾಯಿತು? ದೂರದಲ್ಲಿರುವವರಿಗೆ ಸುದ್ದಿಗಿಂತ ಮೊದಲು ಸಿಟ್ಟು ತಲುಪುತ್ತದೆ ಎಂದು ನನಗನಿಸುತ್ತದೆ. ನಾವೂ ಊರಿನ ಗುಡಿಗೆ, ಶಾಲೆಗೆ, ಕೆಲವೊಮ್ಮೆ ದಾಯಾದಿಗಳ ವ್ಯಾಜ್ಯಕ್ಕೂ ಹಣ ಕಳಿಸುತ್ತೇವೆ. ರಸೀದಿ ನಮಗೆ ಬರುತ್ತದೆ, ಬಿಸಿ ಅಲ್ಲಿರುವವರಿಗೆ ತಟ್ಟುತ್ತದೆ.

2006ರ ಜನವರಿಯಲ್ಲಿ ಸರ್ಲೀಫ್ ಅಧ್ಯಕ್ಷೆಯಾದರು. ಆಫ್ರಿಕೆಯಲ್ಲಿ ಚುನಾಯಿತಳಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ. ಸಾಲ ಕೊಡುವವರ ಭಾಷೆ ಬಲ್ಲವರು. 2010ರಲ್ಲಿ ಸುಮಾರು 460 ಕೋಟಿ ಡಾಲರ್ ವಿದೇಶಿ ಸಾಲ ಮನ್ನಾ ಆಯಿತು. ಇದರ ನಡುವೆ, 2009ರಲ್ಲಿ, ಅಧಿಕಾರದಲ್ಲಿದ್ದಾಗಲೇ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಕುಳಿತು, ಟೇಲರ್ ತನ್ನನ್ನು ವಂಚಿಸಿದನೆಂದು ಹೇಳಿ ಕ್ಷಮೆ ಕೇಳಿದರು. ಆಯೋಗ ಸುಮ್ಮನಾಗಲಿಲ್ಲ. ಮೂವತ್ತು ವರ್ಷ ಸರ್ಕಾರಿ ಹುದ್ದೆಯಿಂದ ದೂರವಿಡಬೇಕಾದವರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿತು! 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಈ ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದಿತು.

ಮನ್ನಾ ಆದ ಸಾಲವನ್ನು ಸತ್ತವರ ಲೆಕ್ಕಕ್ಕೆ ಜಮಾ ಮಾಡಲು ನನ್ನ ಮನಸ್ಸು ಒಪ್ಪದು. ಅವೆರಡು ಬೇರೆ ಬೇರೆ ಖಾತೆ. ಆದರೆ ತೀರ್ಪು ಹೇಳಬೇಕಾದವರು ಊರಲ್ಲೇ ಉಳಿದು ನೋವುಂಡವರಲ್ಲವೇ? 2011ರಲ್ಲಿ ಅವರೇ ಆಕೆಯನ್ನು ಮತ್ತೆ ಆರಿಸಿದರು. ಅದೂ ಪೂರ್ತಿ ತೀರ್ಪಲ್ಲ ಎನ್ನುವವರಿದ್ದಾರೆ: ಆ ಚುನಾವಣೆಯ ಎರಡನೆಯ ಸುತ್ತನ್ನು ಎದುರಾಳಿ ಪಕ್ಷ ಬಹಿಷ್ಕರಿಸಿತ್ತು.