ಕಾಯಕವನ್ನು ಕೊಡುವವನ ಧರ್ಮ



ದಾರಿದ್ರ್ಯವನ್ನು ನೀಗುವ ಬಗೆಗಳು ಎರಡು. ಹಸಿದವನಿಗೆ ಇಂದಿನ ಅನ್ನವನ್ನಿಡುವುದು ಒಂದು. ನಾಳಿನ ಅನ್ನವನ್ನು ಅವನೇ ದುಡಿದು ಉಣ್ಣುವಂತೆ ಕೆಲಸವನ್ನು ಕಲ್ಪಿಸುವುದು ಮತ್ತೊಂದು. ಮೊದಲನೆಯದು ಆಪತ್ಕಾಲದಲ್ಲಿ ಬೇಕಾದುದೇ ಸರಿ. ಆದರೆ ನಿತ್ಯವೂ ಕೈಯೊಡ್ಡಿ ಬದುಕುವವನ ಮನಸ್ಸು ಕುಗ್ಗುತ್ತದೆ. ಆದುದರಿಂದಲೇ ಶರಣರು ದಾನಕ್ಕಿಂತ ಕಾಯಕ ದಾಸೋಹಗಳನ್ನು ಮುಂದಿಟ್ಟರು. ಕಾಯದಿಂದ ನಡೆಯತಕ್ಕದ್ದು ಕಾಯಕ. ಅದರಿಂದ ಬಂದುದನ್ನು ‘ನಾನು ಕೊಟ್ಟೆ’ನೆಂಬ ಅಹಂಕಾರವಿಲ್ಲದೆ ದಾಸಭಾವದಿಂದ ಸಮರ್ಪಿಸುವುದು ದಾಸೋಹ. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ನುಲಿಯ ಚಂದಯ್ಯ ಮೊದಲಾದವರ ಹೆಸರುಗಳಲ್ಲಿಯೇ ಅವರವರ ಕಸುಬು ಕೂಡಿಕೊಂಡಿರುವುದನ್ನು ನೋಡಿರಿ.

ಅಂದು ಸೂಜಿಯೂ ಕದಿರೂ ಕಾಯಕಜೀವಿಯ ಸ್ವಂತ ಕೈಯಲ್ಲಿದ್ದವು. ಇಂದು ಯಂತ್ರವು ಒಬ್ಬನದು, ದುಡಿಯುವ ಕೈ ಮತ್ತೊಬ್ಬನದು. ಹೀಗಿರುವಾಗ ಕಾಯಕದ ಧರ್ಮವು ಮಾಡುವವನಿಗೆ ಮಾತ್ರವೋ, ಮಾಡಿಸುವವನಿಗೂ ಉಂಟೋ?

ಇದಕ್ಕೆ ನೆರೆಯ ಬಾಂಗ್ಲಾದೇಶವೇ ಒಂದು ದೃಷ್ಟಾಂತ. ಆ ನಾಡು 1971ರಲ್ಲಿ ಸ್ವತಂತ್ರವಾಯಿತು. 1974ರಲ್ಲಿ ಘೋರ ಕ್ಷಾಮಕ್ಕೆ ತುತ್ತಾಯಿತು. 1978ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಎಂಬ ಸಂಸ್ಥೆಯು ದಕ್ಷಿಣ ಕೊರಿಯಾದ ಡೇವೂ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 130 ಮಂದಿಯನ್ನು ಹೊಲಿಗೆಯ ಕೆಲಸ ಕಲಿಯಲು ಆ ದೇಶಕ್ಕೆ ಕಳುಹಿಸಿತು. ಕಲಿತು ಬಂದವರಲ್ಲಿ ಅನೇಕರು ಮುಂದೆ ಬೇರೆ ಕಾರ್ಖಾನೆಗಳನ್ನು ಸೇರಿದರು, ಕೆಲವರು ತಾವೇ ಕಟ್ಟಿದರು. ವಿದ್ಯೆಯು ಹಂಚಿದಷ್ಟೂ ಬೆಳೆಯಿತು.

ಈ ಉದ್ಯಮವು ಬಡವರಿಗೆ ಒದಗಿಬಂದುದೇಕೆ? ಒಂದು ಅಂಗಿಯ ಕಾಲರನ್ನು ಒಬ್ಬಳು, ತೋಳನ್ನು ಇನ್ನೊಬ್ಬಳು, ಗುಂಡಿಯನ್ನು ಮತ್ತೊಬ್ಬಳು ಹೊಲಿಯುತ್ತಾರೆ. ಹೂಡಬೇಕಾದ ಬಂಡವಾಳ ಕಡಿಮೆ, ಬೇಕಾಗುವ ಕೈಗಳು ಬಹಳ. ಹೆಚ್ಚು ಓದಿರದ ಹಳ್ಳಿಯ ಹೆಣ್ಣುಮಗಳೂ ಕೆಲಸವನ್ನು ಬೇಗ ಕಲಿಯಬಲ್ಲಳು. ಇಂದು ಅಲ್ಲಿ ಸುಮಾರು 40 ಲಕ್ಷ ಜನರು ಈ ಕೆಲಸದಲ್ಲಿದ್ದಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ಸರಕಾರದ ಲೆಕ್ಕದಂತೆ 2000ದಲ್ಲಿ ನೂರಕ್ಕೆ ಸುಮಾರು 49 ಮಂದಿ ಬಡವರಿದ್ದ ಆ ನಾಡಿನಲ್ಲಿ 2016ರ ಹೊತ್ತಿಗೆ ಅದು 24ಕ್ಕೆ ಇಳಿದಿತ್ತು. ಹೊರದೇಶಗಳಲ್ಲಿ ದುಡಿಯುವವರು ಕಳುಹಿಸಿದ ಹಣ, ಹೆಚ್ಚಿದ ಬೆಳೆ, ಇವೂ ಇದಕ್ಕೆ ಕಾರಣವೆಂಬುದನ್ನು ಮರೆಯತಕ್ಕದ್ದಲ್ಲ. ಆದರೂ ತಿಂಗಳ ಸಂಬಳವು ಹೆಣ್ಣುಮಗಳ ಕೈಗೇ ಬಂದುದು ಅನೇಕ ಮನೆಗಳ ನಡೆಯನ್ನೇ ಬದಲಿಸಿತು.

ಇದು ಒಂದು ಮುಖ. ಮತ್ತೊಂದು ಮುಖವನ್ನು ನೋಡಿರಿ. ಢಾಕಾದ ಬಳಿಯ ಸಾವರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದಲ್ಲಿ ಒಂದು ದಿನ ಬಿರುಕು ಕಾಣಿಸಿತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಹೊರಗೆ ಕಳುಹಿಸಿದರು. ಹೊಲಿಗೆಯವರನ್ನಾದರೋ ಮರುದಿನ ಒಳಗೆ ಕರೆಯಲಾಯಿತು. ಅಂದು 2013ರ ಏಪ್ರಿಲ್ 24. ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಜೀವಗಳು ಹೋದವು.

‘ಕೆಲಸ ಕೊಟ್ಟುದೇ ಉಪಕಾರವಲ್ಲವೇ? ಸುರಕ್ಷತೆಗೆಂದು ಖರ್ಚು ಹೆಚ್ಚಿಸಿದರೆ ಕಾರ್ಖಾನೆಯೇ ಮುಚ್ಚೀತು; ಆಗ ಬಡವನಿಗೆ ಇದ್ದುದೂ ಹೋಯಿತು’ ಎನ್ನುವವರುಂಟು. ಈ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ನಡೆದುದೇನು? ಅದೇ ವರ್ಷದ ಮೇ ತಿಂಗಳಲ್ಲಿ ಬಟ್ಟೆ ಕೊಳ್ಳುವ ಕಂಪೆನಿಗಳಿಗೂ ಕಾರ್ಮಿಕ ಸಂಘಗಳಿಗೂ ಒಪ್ಪಂದವಾಯಿತು. ಸಾವಿರಾರು ಕಾರ್ಖಾನೆಗಳ ತಪಾಸಣೆಯೂ ದುರಸ್ತಿಯೂ ನಡೆದವು. ಮುಂದಿನ ಹತ್ತು ವರ್ಷಗಳಲ್ಲಿ ಆ ನಾಡಿನ ಬಟ್ಟೆಯ ರಫ್ತು ಕುಗ್ಗುವುದಿರಲಿ, ಬಹಳವಾಗಿ ಬೆಳೆಯಿತು.

ದೂರದ ಮಾತೇಕೆ? 2016ರ ಏಪ್ರಿಲಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಭವಿಷ್ಯನಿಧಿಯ ಹಣದಲ್ಲಿ ಮಾಲಿಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮವು ಅವರನ್ನು ಕಂಗೆಡಿಸಿತ್ತು. ಕೇಂದ್ರ ಸರಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ತಾಯಂದಿರು ಬೇಡಿದುದು ಭಿಕ್ಷೆಯಲ್ಲ, ತಮ್ಮದೇ ಬೆವರಿನ ಫಲ.

ಇಲ್ಲಿ ಆಯ್ದಕ್ಕಿಯ ಲಕ್ಕಮ್ಮನನ್ನು ನೆನೆಯೋಣ. ಪತಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆಕೆಯ ಬಡತನದಲ್ಲಿ ಅಷ್ಟು ಎಚ್ಚರವಿತ್ತು. ನಮ್ಮ ಭಕ್ತರಲ್ಲಿ ಮಗ್ಗದ ಮನೆ, ಎಣ್ಣೆಯ ಗಾಣ, ಅಕ್ಕಿಯ ಗಿರಣಿ, ಅಂಗಡಿಗಳನ್ನು ನಡೆಸುವವರು ಅನೇಕರಿದ್ದೀರಿ. ತಡೆಹಿಡಿದ ಕೂಲಿ, ಲೆಕ್ಕಕ್ಕೆ ಬಾರದ ಹೆಚ್ಚಿನ ದುಡಿತ, ರಿಪೇರಿ ಮಾಡಿಸದೆ ಉಳಿಸಿದ ಹಣ, ಇವೆಲ್ಲವೂ ನಮ್ಮ ಮನೆ ಸೇರಿದ ಆ ಹೆಚ್ಚಿನ ಅಕ್ಕಿಯೇ. ಅದರಿಂದ ಜಾತ್ರೆಯಲ್ಲಿ ಸಾವಿರ ಮಂದಿಗೆ ಪ್ರಸಾದವನ್ನು ನಡೆಸಿದರೂ ಅದು ದಾಸೋಹವೆನಿಸದು. ಮೊದಲು ಕೂಲಿ, ಬಳಿಕ ಕಾಣಿಕೆ. ಮಠಕ್ಕೆ ಬರುವ ಮುನ್ನ ಕೆಲಸದವರ ಲೆಕ್ಕವನ್ನು ತೀರಿಸಿ ಬನ್ನಿರಿ.

ನಾಡಿಗೆ ಕಾರ್ಖಾನೆಗಳು ಬೇಕು, ಲಕ್ಷ ಲಕ್ಷ ಕೈಗಳಿಗೆ ಕೆಲಸ ಬೇಕು. ಅದನ್ನು ಕಲ್ಪಿಸುವವನು ಪುಣ್ಯವಂತನೇ ಸರಿ. ಆದರೆ ಇಷ್ಟಲಿಂಗವನ್ನು ಧರಿಸುವ ಕಾಯವು ಹೇಗೆ ಪವಿತ್ರವೋ, ಯಂತ್ರದ ಮುಂದೆ ಬಾಗಿ ಕುಳಿತ ಆ ಕಾಯವೂ ಹಾಗೆಯೇ ಪವಿತ್ರ. ಈ ಎಚ್ಚರವುಳ್ಳ ಮಾಲಿಕನ ಉದ್ಯೋಗವು ಕಾಯಕವಾಗುತ್ತದೆ. ಅದಿಲ್ಲದವನದು ಬರಿಯ ವ್ಯಾಪಾರ. ಶ್ರೀಗುರುವು ಸರ್ವರಿಗೂ ಈ ಸದ್ಬುದ್ಧಿಯನ್ನು ಕರುಣಿಸಲಿ.

ಮಂಗಳಮಸ್ತು.