ಹೇಳುವ ಬಾಯಿ, ನಡೆಯುವ ಕಾಲು

'ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ' ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಅದನ್ನು ಬಳಸುವುದು ಮಾತ್ರ ಇನ್ನೊಬ್ಬರನ್ನು ಕುರಿತೇ. ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವಾಗ ಈ ಗಾದೆ ಗುರುಗಳಿಗೋ, ಪಾಲನಾ ಸಮಿತಿಯ ಹಿರಿಯರಿಗೋ, ಮುಂದಿನ ಬೆಂಚಿನಲ್ಲಿ ಕುಳಿತು ಗಟ್ಟಿಯಾಗಿ ಜಪಸರ ಹೇಳಿಸುವ ಅಮ್ಮನವರಿಗೋ ಅಂಟಿಕೊಳ್ಳುತ್ತದೆ.

ಶುಭಸಂದೇಶದಲ್ಲಿ 'ಕಪಟಿಗಳು' ಎಂದು ನಾವು ಓದುವ ಪದ ಗ್ರೀಕ್ ಮೂಲದಲ್ಲಿ 'ಹಿಪೊಕ್ರಿತೇಸ್'. ಮುಖವಾಡ ತೊಟ್ಟು ರಂಗದ ಮೇಲೆ ಪಾತ್ರ ವಹಿಸುವ ನಟನಿಗೆ ಗ್ರೀಕರು ಇಟ್ಟಿದ್ದ ಹೆಸರದು. ನಟನ ಮೇಲೆ ಯಾರಿಗೂ ಕೋಪವಿಲ್ಲ, ಏಕೆಂದರೆ ಅವನು ನಿಜವಾದ ರಾಜನಲ್ಲವೆಂದು ನೋಡುವವರಿಗೆಲ್ಲ ಗೊತ್ತು. ಆಟ ಮುಗಿದ ಮೇಲೂ ವೇಷ ಕಳಚದೆ, ಬೀದಿಯಲ್ಲಿ ನಿಂತು ಕಪ್ಪಕಾಣಿಕೆ ಕೇಳಿದರೆ ಆಗ ಗತಿಯೇನು? ಸಂತ ಮತ್ತಾಯರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಪ್ರಭು ಎತ್ತಿಕೊಳ್ಳುವ ಉದಾಹರಣೆಗಳು ದಾನ, ಪ್ರಾರ್ಥನೆ ಮತ್ತು ಉಪವಾಸ. ಮೂರೂ ಒಳ್ಳೆಯ ಕಾರ್ಯಗಳೇ. ಅಂದರೆ ಈ ರೋಗ ತಗಲುವುದು ಭಕ್ತರಿಗೆ. ಫರಿಸಾಯರೆಂದರೆ ದುಷ್ಟರ ಕೂಟವೆಂದು ತಿಳಿಯಬೇಡಿ. ಧರ್ಮಶಾಸ್ತ್ರವನ್ನು ಶ್ರದ್ಧೆಯಿಂದ ಪಾಲಿಸಹೊರಟ ಜನ ಅವರು. ರಾತ್ರಿ ಹೊತ್ತು ಯೇಸುಸ್ವಾಮಿಯನ್ನು ಕಾಣಲು ಬಂದ ನಿಕೊದೇಮನೂ ಅವರಲ್ಲೊಬ್ಬ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರದಂದೇ ಧರ್ಮಸಭೆ ಪ್ರತಿವರ್ಷ ಈ ಭಾಗವನ್ನು ಓದಿಸುತ್ತದೆ ಎಂಬುದು ಯೋಚಿಸತಕ್ಕ ವಿಷಯ.

ಹಾಗಾದರೆ ಹೇಳಿದಂತೆ ನಡೆಯಲಾರದವನು ಬಾಯಿ ಮುಚ್ಚಿಕೊಂಡಿರಬೇಕೆ? ಕುಡಿತ ಬಿಡಲಾಗದ ತಂದೆ ಮಗನನ್ನು ಕೂರಿಸಿಕೊಂಡು, "ನೀನು ಇದನ್ನು ಮುಟ್ಟಬೇಡಪ್ಪಾ" ಎಂದರೆ ಅವನು ಕಪಟಿಯೇ? ಅಲ್ಲವೆಂದೇ ನನ್ನ ಅನಿಸಿಕೆ. ಆ ಮಾತು ಸತ್ಯ. ಅದಕ್ಕೆ ಬೆಲೆ ತೆತ್ತವನ ಬಾಯಿಂದ ಬಂದ ಸತ್ಯ. ಬಾಟಲಿಯನ್ನು ಅಡಗಿಸಿಟ್ಟು, ಊಟಕ್ಕೆ ಕುಳಿತಾಗ ಪಕ್ಕದ ಮನೆಯವನ ಕುಡಿತದ ಬಗ್ಗೆ ಉಪದೇಶ ಮಾಡಿದಾಗ ಅವನು ವೇಷ ತೊಟ್ಟಂತಾಯಿತು. ಎಡವಿ ಬೀಳುವುದು ಬೇರೆ, ಬಿದ್ದೇ ಇಲ್ಲವೆಂದು ನಟಿಸುವುದು ಬೇರೆ. ಪೂಜೆಯ ಆರಂಭದಲ್ಲಿ ಗುರುಗಳೂ ನಮ್ಮೊಡನೆ ಎದೆ ತಟ್ಟಿಕೊಂಡು ತಾವು ಪಾಪಿಯೆಂದು ಒಪ್ಪಿಕೊಳ್ಳುತ್ತಾರಲ್ಲವೆ? 2014ರ ಮಾರ್ಚ್ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್‌ರವರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಒಬ್ಬ ಗುರುವಿನ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದರು. ಅದರಿಂದ ಅವರ ಬೋಧನೆಯ ತೂಕವೇನೂ ಇಳಿಯಲಿಲ್ಲ.

"ನಾನು ಚರ್ಚಿಗೆ ಹೋಗುವುದಿಲ್ಲ, ಆದರೆ ಕಪಟಿಯಂತೂ ಅಲ್ಲ" ಎನ್ನುವವರನ್ನೂ ನೀವು ಕಂಡಿರಬಹುದು. ನಿಜ, ಏನನ್ನೂ ಹೇಳದವನಿಗೆ ಹೇಳಿದಂತೆ ನಡೆಯುವ ಕಷ್ಟವಿಲ್ಲ. ಅಂಕ ಕಡಿಮೆ ಬಂದೀತೆಂದು ಪರೀಕ್ಷೆಗೇ ಕೂರದ ಹುಡುಗನ ಜಾಣತನವಿದು!

ಮತ್ತಾಯ 23ರಲ್ಲಿ ಪ್ರಭು, ಧರ್ಮಶಾಸ್ತ್ರಿಗಳು ಕಲಿಸುವುದನ್ನು ಪಾಲಿಸಿರಿ, ಅವರ ನಡತೆಯನ್ನು ಅನುಸರಿಸಬೇಡಿರಿ ಎಂದು ಜನರಿಗೆ ಬುದ್ಧಿ ಹೇಳುತ್ತಾರೆ. ದೊಡ್ಡವರಿಗೆ ಇದು ಸಾಧ್ಯವಾದೀತು. ಮಕ್ಕಳು ಮಾತ್ರ ಇದನ್ನು ತಿರುವುಮುರುವು ಮಾಡುತ್ತಾರೆ: ಹೇಳಿದ್ದನ್ನು ಬಿಟ್ಟು ಮಾಡಿದ್ದನ್ನು ಹಿಡಿಯುತ್ತಾರೆ. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದು, ತಂದೆತಾಯಿಗಳೇ ಮಕ್ಕಳ ಮೊದಲ ಬೋಧಕರೆಂದಿತು. ಈ ಮೊದಲ ಬೋಧಕರು ಭಾನುವಾರ ಮಗುವನ್ನು ಧರ್ಮೋಪದೇಶದ ತರಗತಿಗೆ ಕಳಿಸುತ್ತಾರೆ. ಅಲ್ಲಿ ಅದು ಎಂಟನೆಯ ಕಟ್ಟಳೆಯನ್ನು ಬಾಯಿಪಾಠ ಮಾಡುತ್ತದೆ. ಸಂಜೆ ಸಾಲ ಕೊಟ್ಟವರು ಫೋನ್ ಮಾಡಿದರೆ, "ಅಪ್ಪ ಮನೇಲಿಲ್ಲ ಅಂತ ಹೇಳು ಮರಿ" ಎಂದು ಅದೇ ಮಗುವಿನ ಕೈಗೆ ಮೊಬೈಲ್ ಕೊಡುತ್ತಾರೆ. ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗಾಗಿ ಮಗುವಿನ ವಯಸ್ಸು ಎರಡು ವರ್ಷ ಇಳಿಯುತ್ತದೆ. ಮಗುವಿಗೆ ತನ್ನ ವಯಸ್ಸು ಗೊತ್ತಿದೆ.

ಇವು ಸಣ್ಣವು ಎನ್ನುತ್ತೀರಾ? ಸರಿ, ದೊಡ್ಡದಕ್ಕೇ ಬರೋಣ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವೆಲ್ಲರೂ ದೇವರನ್ನು ನಮ್ಮ ತಂದೆ ಎಂದು ಕೂಗುತ್ತೇವೆ. ಆದರೆ ಹೆಣ್ಣು ಗಂಡಿನ ಮಾತುಕತೆಗೆ ಕುಳಿತಾಗ, "ಅವರು ಮೊದಲು ಯಾವ ಜನ?" ಎಂಬ ಪ್ರಶ್ನೆ ಮೆಲುದನಿಯಲ್ಲಿ ಏಳುತ್ತದೆ. ಒಂದೇ ತಂದೆಯ ಮಕ್ಕಳಿಗೆ ಎಷ್ಟು ಜಾತಿ? ಭಾರತದ ಕಥೋಲಿಕ ಬಿಷಪರ ಮಂಡಳಿ 2016ರ ಡಿಸೆಂಬರ್‌ನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ, ಈ ಭೇದಭಾವ ನಮ್ಮ ಧರ್ಮಸಭೆಯೊಳಗೇ ಇದೆಯೆಂದು ಒಪ್ಪಿಕೊಂಡಿತು. ಅಂಥ ಒಪ್ಪಿಗೆ ಸುಲಭವಲ್ಲ. ಅದು ಕಾಗದದಲ್ಲೇ ಉಳಿದರೆ ಅದೂ ಒಂದು ಮುಖವಾಡವಾದೀತು. ವರದಕ್ಷಿಣೆಯ ಮಾತೂ ಹೀಗೆಯೇ. 1961ರಿಂದ ಕಾನೂನು ಅದನ್ನು ನಿಷೇಧಿಸಿದೆ. ನಮ್ಮ ಮನೆಗಳಲ್ಲಿ ಅದರ ಹೆಸರು 'ಉಡುಗೊರೆ' ಎಂದಾಗಿದೆ, ಅಷ್ಟೆ. ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ನಡುವೆ ಬಿದ್ದಿರುವ ಬಿರುಕನ್ನು ಅದೇ ಮಹಾಸಭೆ 1965ರಲ್ಲಿ ನಮ್ಮ ಕಾಲದ ಗಂಭೀರ ತಪ್ಪುಗಳಲ್ಲೊಂದೆಂದು ಎಣಿಸಿತು. ವಿಶ್ವಾಸಿಗಳ ನಡತೆಯೇ ಕೆಲವರನ್ನು ದೇವರಿಂದ ದೂರ ಮಾಡುತ್ತದೆ ಎಂದೂ ಎಚ್ಚರಿಸಿತು.

ಆದುದರಿಂದ ತಪಸ್ಸುಕಾಲದಲ್ಲಿ ನಾವು ಮಾಡುವ ಪ್ರತಿಜ್ಞೆಗಳ ಬಗ್ಗೆ ನನಗೆ ಸ್ವಲ್ಪ ಸಂಶಯ. "ಇನ್ನು ಮೇಲೆ ಒಳ್ಳೆಯವನಾಗಿರುತ್ತೇನೆ" ಎಂದರೆ ಯಾರು ಅಳೆಯಬಲ್ಲರು? ಮನೆಗೆಲಸದ ಹೆಂಗಸಿಗೆ ತಿಂಗಳ ಮೊದಲ ದಿನವೇ ಸಂಬಳ ಕೊಡುತ್ತೇನೆ ಎಂದರೆ ಎರಡನೆಯ ದಿನ ಅವಳಿಗೇ ಗೊತ್ತಾಗುತ್ತದೆ. ಜೆರಿಕೊ ಊರಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಅವನ ಮನೆಗೆ ಪ್ರಭು ಹೊರಟರೆಂದು ಜನರೆಲ್ಲ ಗೊಣಗುತ್ತಿದ್ದರು. ಜಕ್ಕಾಯ ತನ್ನ ಭಕ್ತಿಯ ವಿಷಯವಾಗಿ ಒಂದು ಮಾತೂ ಆಡಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್ಸು ಎಂದು ಲೆಕ್ಕ ಹೇಳಿದ. ಆ ಗುಂಪಿನಲ್ಲಿ ಅವನಿಗೆ ಸುಂಕ ಕಟ್ಟಿದವರೂ ಇದ್ದಿರಬೇಕು. ಮರುದಿನ ಬೆಳಿಗ್ಗೆ ಅವನ ಬಾಗಿಲು ತಟ್ಟಿ ಕೇಳಲು ಅವರಿಗೆ ಅಷ್ಟು ಸಾಕಾಗಿತ್ತು.